ಬೀಜದ ಗಡಿಗೆ

ಇವತ್ತು ಗೋಧಿ ಬೀಜದ ಗಡಿಗೆಯ ಬಾಯಿ ತೆಗೆದರೆ ಬೂದಿ, ಬೇವಿನೆಲೆಯ ಅದೇ ಒಣ ವಾಸನೆ.

ನಾನು ಚಿಕ್ಕವಳಿದ್ದಾಗ, ಹತ್ತಿಮತ್ತೂರಿನ ನಮ್ಮ ಪಡಸಾಲೆಯಲ್ಲಿ ಒಂದು ಮಧ್ಯಾಹ್ನ ಅವ್ವ ಗೋಧಿ ಆರಿಸುತ್ತಿದ್ದಳು. ಸುಗ್ಗಿಯ ದುಡಿತಕ್ಕೆ ಸೊಂಟ ಹಿಡಿದಿತ್ತು. ದಪ್ಪ ಕಾಳು ಬೀಜದ ಗಡಿಗೆಗೆ, ಸೊರಗಿದ್ದು ನಮ್ಮ ಹುಗ್ಗಿಗೆ.

“ನಾವು ಸರಕಾರಿ ಚೀಲದ ಗೊಬ್ಬರ ಹಾಕಂಗಿಲ್ಲ ಅಂದಮ್ಯಾಲೆ ಬೀಜಾರ ಚಲೋ ಇರಬೇಕು,” ಎಂದು ಅಪ್ಪ ಸಗಣಿಗೈಯಲ್ಲೇ ತಿಪ್ಪೆಯ ಕಡೆ ನಡೆದ.

“ಅವ್ವಾ, ದಪ್ಪ ಕಾಳಿನ ಹುಗ್ಗಿ ಹೆಂಗಿರ್ತೈತಿ?” ಎಂದು ಕೇಳಿದೆ.

ಅವ್ವನ ಬೆರಳು ಮೊರದಲ್ಲೇ ನಿಂತವು. “ಯಾರಿಗ್ಗೊತ್ತವ್ವ. ಈ ಮನಿಗೆ ಬಂದಾಗಿಂದ ಆರಸಾಕತ್ತೇನಿ, ಉಂಡಿಲ್ಲ. ಮುಂದಿನ ವರ್ಷ ಎಲ್ಲಾ ಕಾಳೂ ಹಿಂಗಾದ್ರ ಉಣ್ಣೋಣಂತ.”

ಹಾಗೆಂದವಳೇ, ಮಡಿಲಿಗೆ ಸಿಡಿದಿದ್ದ ಒಂದು ದಪ್ಪ ಕಾಳನ್ನು ಹುಡುಕಿ ತೆಗೆದು ಗಡಿಗೆಗೆ ಹಾಕಿದಳು.