ಎರಡು ಮಾರು ಅಂತರ

ಮುಂದಿನ ಲಾರಿಗೂ ಮೇಷ್ಟ್ರ ಹಳದಿ ಕಾರಿಗೂ ನಡುವೆ ಎರಡು ಮಾರೂ ಅಂತರವಿರಲಿಲ್ಲ. ಹೆದ್ದಾರಿಯಲ್ಲಿ, ಅದೂ ಹಾಡಹಗಲು! ಡ್ರೈವಿಂಗ್ ಶಾಲೆ ನಡೆಸುವ ಇವರಿಗೆ ಊರೇ ಇಟ್ಟ ಹೆಸರು ‘ಗ್ಯಾಪ್ ಮೇಷ್ಟ್ರು’. ಮುಂದಿನ ಗಾಡಿಗೆ ಅಂಟಿಕೊಂಡು ಓಡಿಸಿದ ಶಿಷ್ಯರ ಕಿವಿ ಹಿಂಡದೆ ಬಿಟ್ಟವರಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಹೆದ್ದಾರಿ ಪೊಲೀಸರ ಸಭೆಯಲ್ಲಿ ಅವರ ಭಾಷಣ, ಅದೂ ವಾಹನಗಳ ನಡುವಿನ ಅಂತರದ ಬಗ್ಗೆಯೇ. ತಡವಾದರೆ ಮಾನ ಹೋಗುತ್ತದೆ. ಹೀಗೆ ಹೋಗುವುದನ್ನು ಪರಿಚಯದವರು ನೋಡಿದರಂತೂ ಮುಗಿದೇಹೋಯಿತು.

ಲಾರಿಯ ಟಾರ್ಪಾಲು ಪಟಪಟ ಹೊಡೆದುಕೊಳ್ಳುವ ಸದ್ದೊಂದೇ ಕಾರಿನೊಳಗೆ ಕೇಳುತ್ತಿತ್ತು. ಮೇಷ್ಟ್ರು ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಬೆವರುತ್ತಿದ್ದರು. ಪಕ್ಕದಲ್ಲಿ ಹಾದುಹೋದ ಬಸ್ಸಿನವರು ಇಣುಕಿ ನೋಡಿ ನಕ್ಕರು. ಮೇಷ್ಟ್ರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡರು.

“ಅಪ್ಪಾ, ಸ್ವಲ್ಪ ಗ್ಯಾಪ್ ಬಿಡಿ,” ಎಂದಳು ಹಿಂದಿನ ಸೀಟಿನಲ್ಲಿದ್ದ ಮಗಳು. ಬೆಳಗ್ಗೆ ಹೊರಟಾಗಿನಿಂದ ಅವರು ಕತ್ತು ಹಿಂದಕ್ಕೆ ತಿರುಗಿಸಿ ತಿರುಗಿಸಿ ಇಡೀ ಭಾಷಣವನ್ನು ಅವಳಿಗೆ ಒಪ್ಪಿಸಿದ್ದರು. ಅದರ ಸೇಡು ಇದು.

“ನನ್ನ ಕೈಲಿದೆಯೇನೇ? ಬಾಯ್ಮುಚ್ಕೊಂಡು ಕೂತ್ಕೋ.”

“ಅಮ್ಮಂಗೆ ಹೇಳ್ಲಾ?”

“ನಿನ್ನ ದಮ್ಮಯ್ಯ, ಬೇಡ!”

ಹಿಂದಿನಿಂದ ಸೀಟಿ ಕೇಳಿತು. ಪೊಲೀಸ್ ಬೈಕು. ಮೇಷ್ಟ್ರು ಬ್ರೇಕ್ ಒತ್ತಿದರು. ಲಾರಿಯೂ ನಿಂತಿತು.

ಬೈಕಿನಿಂದ ಇಳಿದು ಬಂದ ಪೇದೆ ಕಿಟಕಿಗೆ ಬಗ್ಗಿದವನೇ ಕಣ್ಣರಳಿಸಿದ. ಮೇಷ್ಟ್ರ ಹಳೆಯ ಶಿಷ್ಯ, ಅದೂ ಕಿವಿ ಕೆಂಪಗೆ ಮಾಡಿಕೊಂಡೇ ಕಲಿತವನು.

“ಅಯ್ಯಯ್ಯೋ, ಮೇಷ್ಟ್ರೇ, ನೀವಾ! ಲಾರಿ ಬಾಲ ಹಿಡ್ಕೊಂಡು ಹೋಗ್ತಿದ್ದೀರಲ್ಲ!”

“ತಪ್ಪಾಯ್ತಪ್ಪ. ಏನೋ ಅವಸರ. ದಂಡ ಹಾಕ್ಬಿಡು, ಇಲ್ಲೇ ಕಟ್ತೀನಿ.”

ಪೇದೆಗೆ ಅನುಮಾನ ಬಂತು. ತಪ್ಪು ತಮ್ಮದೇ ಆಗಿದ್ದಾಗಲೂ ಗಂಟೆಗಟ್ಟಲೆ ವಾದಿಸುವ ಮನುಷ್ಯ, ಕೇಳುವ ಮೊದಲೇ ತಪ್ಪೊಪ್ಪಿಕೊಳ್ಳುವುದೆಂದರೇನು?

“ಆಯ್ತು ಸಾರ್, ನಂಬರ್ ಬರ್ಕೊಂಡು ಬರ್ತೀನಿ,” ಎಂದು ಅವನು ಮುಂದಕ್ಕೆ ಹೆಜ್ಜೆ ಹಾಕಿದ.

“ನಂಬರು ಹಿಂದೇನೂ ಇದೆ ಕಣೋ! ಮುಂದೆ ಹೋಗ್ಬೇಡ್ವೋ!”

ಮಗಳು ನಗು ತಡೆಯಲಾರದೆ ಬಾಯಿಗೆ ಕರ್ಚೀಫು ಒತ್ತಿಕೊಂಡಳು. ಪೇದೆ ಎರಡು ಗಾಡಿಗಳ ನಡುವೆ ಕಾಲಿಟ್ಟ, ಮುಗ್ಗರಿಸಿದ.

ಅವನು ಎಡವಿದ್ದು ಮೇಷ್ಟ್ರ ಕಾರನ್ನು ಎಳೆದೊಯ್ಯುತ್ತಿದ್ದ ಹಗ್ಗಕ್ಕೆ. ಬೀಳದಿರಲೆಂದು ಕೈಯೂರಿದ್ದು ಲಾರಿಯ ಹಿಂಭಾಗದ ಮೇಲೆ. ಜಖಂಗೊಂಡಿದ್ದ ಅದರ ತುಂಬ ಹಳದಿ ಬಣ್ಣ ಮೆತ್ತಿತ್ತು.