ಒಣಗುವ ತನಕ
"ಅಯ್ಯೋ!" ಎಂದು ಮೇಸ್ತ್ರಿ ಹಣೆ ಚಚ್ಚಿಕೊಂಡ. ಹೆಂಡತಿಯ ಮೇಲೆ ರೇಗಾಡುತ್ತಲೇ ಮಾರ್ಬಲ್ ನೆಲಕ್ಕೆ ಕಲೆ ಹಿಡಿಯದಂತೆ ಸೀಲರ್ ಬಳಿಯುತ್ತಿದ್ದವನು, ಬಾಗಿಲ ಕಡೆಗೆ ಸರಿಯುವ ಬದಲು ಎದುರು ಮೂಲೆಗೆ ಹೋಗಿ ಸೇರಿಕೊಂಡಿದ್ದ. ಈಗ ಮುಂದೆಲ್ಲ ಹಸಿ ನೆಲ. ಕಾಲಿಟ್ಟರೆ ಇಡೀ ದಿನದ ಕೆಲಸ ಮಣ್ಣುಪಾಲು.

"ನೀನು ತಲೆ ತಿಂದಿದ್ದಕ್ಕೇ ಹೀಗಾಗಿದ್ದು!" ಎಂದು ಅಲ್ಲಿಂದಲೇ ಗದರಿದ.

ಬಾಗಿಲಲ್ಲಿ ನಿಂತಿದ್ದ ಅವಳಿಗೂ ರೋಸಿಹೋಗಿತ್ತು. ಕಂಡವರ ಮನೆಯ ನೆಲ ತಿಕ್ಕಿ ತಿಕ್ಕಿ ಅವಳ ಮಂಡಿ ಸವೆದಿತ್ತು. ಇನ್ನು ಈ ಕೆಲಸ ತನ್ನ ಕೈಲಾಗದು ಎನ್ನಲು ಬಾಯಿ ತೆರೆದಾಗಲೆಲ್ಲ ಅವನು, "ಈಗ ಪುರುಸೊತ್ತಿಲ್ಲ" ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ.

ಇವತ್ತು ಆ ಚಪ್ಪಲಿಗಳು ಅವಳ ಪಕ್ಕದಲ್ಲಿದ್ದವು. ಅವಳು ನೋಯುವ ಕಾಲು ಚಾಚಿ ಹೊಸ್ತಿಲ ಮೇಲೆ ಕುಳಿತಳು.

"ಒಣಗೋ ತನಕ ಪುರುಸೊತ್ತು ತಾನೇ? ಈಗ ಕೇಳಿ."