ನೆಲಕ್ಕೆ ಕಿವಿ

ಇಳುವರಿ ಎಷ್ಟೆಂದು ಹೊಲವೇ ಬಾಯಿಬಿಟ್ಟು ಹೇಳುತ್ತಿದ್ದ ಕಾಲ. ಬೆಳೆಲೆಕ್ಕದವರು ನೆಲಕ್ಕೆ ಕಿವಿಯಿಟ್ಟು ಬರೆದುಕೊಂಡರೆ ಸಾಕಿತ್ತು. ಗುರುಬಸಪ್ಪ ಅಷ್ಟನ್ನೂ ಮಾಡದೆ, ಚಹಾದಂಗಡಿಯಲ್ಲೇ ಕೂತು, ಹಿಂದಿನ ವರ್ಷದ ಅಂಕಿಗೆ ಒಂದಿಷ್ಟು ಸೇರಿಸಿ ಏಳು ವರ್ಷ ವರದಿ ಕಳಿಸಿದ್ದ. ಆ ವರದಿಗಳ ಅಚ್ಚುಕಟ್ಟು ಕಂಡು, ಅವನ ಬಳಿಯೇ ಕೆಲಸ ಕಲಿಯಲು ಇಥಿಯೋಪಿಯಾದ ಅಲ್ಮಾಜ್ ಕನ್ನಡ ಕಲಿತು ಬಂದಳು. ಗುರುಕಾಣಿಕೆಯೆಂದು ಅವಳು ಕೊಟ್ಟ ಕಾಫಿಬೀಜದ ಪೊಟ್ಟಣ ಅವನ ಕಂಕುಳಲ್ಲಿ ಕಲ್ಲಿನಂತೆ ಭಾರವಾಗಿತ್ತು.

ಜೋಳದ ಹೊಲದ ಬದುವಿನ ಮೇಲೇ ಅವನು ನಿಂತುಬಿಟ್ಟ. "ಮೊದಲ ನೀವ ಕೇಳ್ರಿ, ಮೇಡಮ್," ಎಂದ.

ಅಲ್ಮಾಜ್ ಮೊಣಕಾಲೂರಿ ನೆಲಕ್ಕೆ ಕಿವಿ ಹಚ್ಚಿದಳು. ಬಹಳ ಹೊತ್ತು ಏಳಲಿಲ್ಲ.

"ಎಷ್ಟ್ ಕ್ವಿಂಟಲ್ ಅಂತೈತ್ರಿ?"

"ಅಂಕಿ ಇನ್ನೂ ಹೇಳಿಲ್ಲ ಗುರುಗಳೇ," ಅವಳು ತಲೆಯೆತ್ತಿದಳು. "'ನಿನ್ನ ಜೊತೆ ಬಂದವನು ಯಾರು?' ಅಂತ ಕೇಳ್ತಾ ಇದೆ."